ಒಳನಾಡಿಗೆ ಸಮುದ್ರದ ಋಣವುಂಟೇ?

ಭಾಲ್ಕಿ ತಾಲೂಕಿನ ಹಲಬರ್ಗಾ ಗ್ರಾಮದಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರವು ನೂರಾರು ಮೈಲಿಗಳ ಆಚೆಗೇ ಇರುವುದು. ಅಲ್ಲಿಯ ಒಕ್ಕಲಿಗನು ತೊಗರಿಯನ್ನೂ ಸೋಯಾವನ್ನೂ ಕಬ್ಬನ್ನೂ ಬಲ್ಲನು. ತೆರೆಯನ್ನೂ ಬಲೆಯನ್ನೂ ಅರಿಯನು. ಅಂತಹವನಿಗೆ ಕಡಲಿನ ಆಮೆಮೀನುಗಳ ವಿಷಯದಲ್ಲಿ ಕರ್ತವ್ಯವೊಂದುಂಟೆಂದು ಹೇಳಿದರೆ ನಗೆ ಬರುವುದು ಸಹಜವೇ. ಆದರೆ ಕಣ್ಣಿಗೆ ಕಾಣದ ಜೀವಿಗೆ ಸಂಕಲ್ಪವಿಲ್ಲದೆ ಆದ ಹಾನಿಗೆ ಮನುಷ್ಯನು ಹೊಣೆಯಾಗುವನೋ ಇಲ್ಲವೋ ಎಂಬ ಪ್ರಶ್ನೆಯು ನಗೆಯಿಂದ ತೀರುವಂಥದಲ್ಲ.

ಮೊದಲು ನೀರಿನ ದಾರಿಯನ್ನು ನೋಡತಕ್ಕದ್ದು. ಈ ಸೀಮೆಯ ಮಳೆನೀರು ಕಾರಂಜಾ ಹೊಳೆಗೂ ಅದರಿಂದ ಮಾಂಜ್ರಾ ನದಿಗೂ ಸೇರಿ, ನಿಜಾಮಾಬಾದ್ ಜಿಲ್ಲೆಯ ಕಂದಕುರ್ತಿಯಲ್ಲಿ ಗೋದಾವರಿಯೊಡನೆ ಬೆರೆತು, ರಾಜಮಹೇಂದ್ರಿಯ ಕೆಳಗೆ ಕವಲೊಡೆದು ಬಂಗಾಳ ಉಪಸಾಗರವನ್ನು ಮುಟ್ಟುವುದು. ಅಲ್ಲಿಯ ಕೋರಂಗಿ ಅಭಯಾರಣ್ಯದ ಕಾಂಡ್ಲಾ ಗಿಡಗಳ ಬೇರುಗಳ ನಡುವೆ ಸಿಗಡಿಗಳೂ ಮೀನಿನ ಮರಿಗಳೂ ಬೆಳೆಯುವುವು. ಆ ಗಿಡಗಳು ನಿಂತ ಕೆಸರಿನಲ್ಲಿ ದಖ್ಖನಿನ ಕರಿಯ ಮಣ್ಣಿನ ಪಾಲು ಬಹಳ. ಹೀಗಿರುವಲ್ಲಿ ಹಲಬರ್ಗಾದ ಹೊಲವು ಸಮುದ್ರಕ್ಕೆ ಪರಕೀಯವೆನ್ನುವುದು ಹೇಗೆ?

ಈಗ ಆ ದಾರಿಯಲ್ಲಿ ಹೋಗುವುದು ಮಣ್ಣೊಂದೇ ಅಲ್ಲ. ಬೆಳೆಯು ಹೀರದೆ ಬಿಟ್ಟ ಯೂರಿಯಾದ ಸಾರವು ನೀರಿನಲ್ಲಿ ಕರಗಿ ಹರಿಯುವುದು. ಅದು ಕಡಲ ಅಂಚಿನಲ್ಲಿ ಅತಿಯಾದಾಗ ಪಾಚಿಯು ಮಿತಿಮೀರಿ ಬೆಳೆದು, ಸತ್ತು, ಕೊಳೆಯುತ್ತ ನೀರಿನೊಳಗಿನ ಪ್ರಾಣವಾಯುವನ್ನು ನುಂಗುವುದು. ಓಡಬಲ್ಲ ಮೀನು ಓಡುವುದು, ತಳದಲ್ಲಿರುವ ಜೀವಿಗಳು ಸಾಯುವುವು. ಹಳ್ಳಕ್ಕೆ ಎಸೆದ ಪ್ಲಾಸ್ಟಿಕ್ ಚೀಲವೂ ಮಹಾಪೂರ ಬಂದಾಗ ಇದೇ ದಾರಿಯನ್ನು ಹಿಡಿಯುವುದು.

ನಡುವೆ ಕಾರಂಜಾ ಜಲಾಶಯವೂ ಸಿಂಗೂರೂ 1931ರಲ್ಲಿ ಮುಗಿದ ನಿಜಾಮಸಾಗರವೂ ಇರುವುವಲ್ಲವೇ, ಕೊಳೆಯು ಅಲ್ಲಿಯೇ ನಿಲ್ಲಲಾರದೇ ಎಂದು ಕೇಳಬಹುದು. ಕೆಲವು ಭಾಗ ನಿಲ್ಲುವುದು, ದಿಟ. ಆದರೆ ಅದರೊಡನೆ ಕಡಲತೀರವನ್ನು ಕಟ್ಟುವ ಮೆಕ್ಕಲು ಮಣ್ಣೂ ನಿಲ್ಲುವುದರಿಂದ ತೀರವು ಸವೆಯುವುದು. ಹಾಗೆಂದು ಬರವನ್ನು ಕಂಡ ಬೀದರ ಜಿಲ್ಲೆಯು ನೀರನ್ನು ಕಟ್ಟಿಕೊಂಡದ್ದನ್ನು ಪಾಪವೆಂದು ಕರೆಯುವ ಧೈರ್ಯ ಯಾರಿಗುಂಟು? ಇಲ್ಲಿ ಹಾನಿಯು ದುರಾಶೆಯಿಂದಲ್ಲ, ಬಾಳಿನ ಅಗತ್ಯದಿಂದಲೇ ಹುಟ್ಟಿತು. ಆದುದರಿಂದ ಅಪರಾಧವೆಂಬ ಮಾತಿಗಿಂತ ಋಣವೆಂಬ ಮಾತೇ ಇದಕ್ಕೆ ಹೆಚ್ಚು ಒಪ್ಪುವುದು. ಅಪರಾಧಕ್ಕೆ ಸಂಕಲ್ಪ ಬೇಕು. ಋಣಕ್ಕೆ ಪಡೆದುಕೊಂಡಿದ್ದರೆ ಸಾಕು.

ಪಶ್ಚಿಮ ಕರಾವಳಿಯಲ್ಲಿ ಈ ಋಣವು ಹೆಚ್ಚು ಸ್ಪಷ್ಟ. ಮಲ್ಪೆಯ ಯಾಂತ್ರಿಕ ದೋಣಿಗಳು ಜೂನ್ 1ರಿಂದ ಜುಲೈ 31ರವರೆಗೆ 61 ದಿನ ದಡದಲ್ಲಿಯೇ ಇರಬೇಕು. ಇನ್ನೂ ಹುಟ್ಟದ ಮೀನಿಗಾಗಿ ದೋಣಿಯ ಕೂಲಿಯವನು ತನ್ನ ಎರಡು ತಿಂಗಳ ಸಂಪಾದನೆಯನ್ನು ಬಿಡುವನು. ಉರಿಯುವ ದೀಪಗಳಿಂದ ಮೀನುಗಳನ್ನು ಮರುಳುಗೊಳಿಸಿ ಬಾಚುವ ಲೈಟ್ ಫಿಶಿಂಗನ್ನು ಕೇಂದ್ರ ಸರಕಾರವು 2017ರಲ್ಲಿ ನಿಷೇಧಿಸಿದರೂ ಅದು ನಿಂತಿಲ್ಲವೆಂದು ನಾಡದೋಣಿಯವರು ದೂರುವರು. ತ್ಯಾಗವು ಬಡವನ ಪಾಲಿಗೆ, ಲಾಭವು ಬಂಡವಾಳದವನ ಪಾಲಿಗೆ ಎಂಬ ಹಳೆಯ ಕಥೆ ಕಡಲನ್ನೂ ಬಿಟ್ಟಿಲ್ಲ!

ಬೀದರ ಜಿಲ್ಲೆಯದೇ ಆದ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದ ಶರಣರು ದಾಸೋಹವನ್ನು ಬಾಳಿನ ಧರ್ಮವಾಗಿ ಎತ್ತಿ ಹಿಡಿದರು. ಉಣ್ಣುವವನ ಗುರುತು ಬಲ್ಲೆನೆಂಬುದು ದಾಸೋಹದ ಷರತ್ತಲ್ಲ. ಆ ಭಾವವನ್ನು ನೀರಿನ ಕೆಳದಾರಿಗೂ ಚಾಚಿದರೆ ತಪ್ಪೇನು? ಹಾಗೆ ಚಾಚಿದರೆ ಒಕ್ಕಲಿಗನು ಮಾಡಬೇಕಾದದ್ದು ಮಲ್ಪೆಯವನ ತ್ಯಾಗಕ್ಕಿಂತ ಸಣ್ಣದು: ಮಣ್ಣನ್ನು ಪರೀಕ್ಷಿಸಿ ಗೊಬ್ಬರವನ್ನು ಅಳೆದು ಕೊಡುವುದು, ಅದನ್ನು ಎರಡು ಮೂರು ಸಲಕ್ಕೆ ಹಂಚುವುದು, ದೊಡ್ಡ ಮಳೆಯ ಮುಂಚೆ ಎರಚದಿರುವುದು, ಹೊಲದ ಒಡ್ಡನ್ನು ಕಾಯುವುದು. ಆದರೆ ಸರಕಾರವು ಸಹಾಯಧನ ಕೊಟ್ಟು ಯೂರಿಯಾವನ್ನು ಇತರ ಗೊಬ್ಬರಗಳಿಗಿಂತ ಅಗ್ಗವಾಗಿಟ್ಟಿರುವವರೆಗೆ, ಒಂದು ಹಿಡಿ ಹೆಚ್ಚು ಎರಚಿದ ಕೈಯನ್ನು ಮಾತ್ರ ಹಿಡಿದು ಕೇಳುವುದು ನ್ಯಾಯವಾಗಲಾರದು. ಆ ಬೆಲೆಯನ್ನು ಕಟ್ಟಿದವರನ್ನೂ ಇದೇ ಲೆಕ್ಕದಲ್ಲಿ ಕೂಡಿಸಿಕೊಳ್ಳತಕ್ಕದ್ದು.