ಕೊಳೆ ಯಾವುದು, ಗುರುತು ಯಾವುದು?

ಹಳೇ ವಸ್ತುವನ್ನು ಒರೆಸೋದರಲ್ಲಿ ಎಂಥ ನೀತಿಪ್ರಶ್ನೆ ಅಂತ ನೀವು ಕೇಳಬಹುದು. ಬಟ್ಟೆ ತಗೊಂಡು ಒರೆಸಿದರಾಯ್ತು, ಅಲ್ವಾ? ಹಳೆಯ ಗಿಟಾರ್ ಆಂಪ್ಲಿಫೈಯರ್‌ಗಳ ಸಹವಾಸ ಶುರುವಾದ ಮೇಲೆ ನನಗೆ ಅದು ಅಷ್ಟು ಸಲೀಸು ಅನ್ನಿಸುತ್ತಿಲ್ಲ.

1950ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ಫೆಂಡರ್ ಕಂಪನಿ ತಯಾರಿಸುತ್ತಿದ್ದ ಆಂಪ್‌ಗಳ ಮರದ ಪೆಟ್ಟಿಗೆಗೆ ಟ್ವೀಡ್ ಎನ್ನುವ ಹತ್ತಿಬಟ್ಟೆ ಅಂಟಿಸಿ, ಮೇಲೆ ಲ್ಯಾಕರ್ ಬಳಿಯುತ್ತಿದ್ದರು. ವರ್ಷಗಳು ಕಳೆದಂತೆ ಆ ಲ್ಯಾಕರ್ ಜೇನಿನ ಬಣ್ಣಕ್ಕೆ ತಿರುಗುತ್ತದೆ. 1960ರ ಆಸುಪಾಸಿನಲ್ಲಿ ಟೋಲೆಕ್ಸ್ ಎಂಬ ವಿನೈಲ್ ಹೊದಿಕೆ ಬಂತು. ಟೋಲೆಕ್ಸ್ ಆದರೆ ಸುಲಭ: ಪಾತ್ರೆ ತೊಳೆಯುವ ಸೋಪಿನ ನೊರೆ, ಮೆತ್ತನೆಯ ಟೂತ್‌ಬ್ರಷ್, ಚೆನ್ನಾಗಿ ಹಿಂಡಿದ ಬಟ್ಟೆ ಸಾಕು. ಟ್ವೀಡ್ ಹಾಗಲ್ಲ. ಲ್ಯಾಕರ್ ಸವೆದ ಕಡೆ ಹತ್ತಿ ನೀರು ಕುಡಿಯುತ್ತದೆ, ಕಲೆ ಉಳಿಯುತ್ತದೆ. ಹಾಗಾಗಿ ಬ್ರಷ್ ಎತ್ತುವ ಮೊದಲೇ ಯೋಚಿಸಬೇಕು: ಏನನ್ನು ತೆಗೀಬೇಕು?

ಧೂಳು, ಬೂಷ್ಟು ಯಾರೂ ನೋಡಿಕೊಳ್ಳದೆ ಬಂದವು. ಅವು ಹೋಗಲಿ. ಹಿಡಿಕೆಯ ಪಕ್ಕ ಸವೆದ ಬಟ್ಟೆ, ಊರೂರು ಹೊತ್ತು ತಿರುಗಿದ್ದರ ಲೆಕ್ಕ. ಅದಿರಲಿ. ಕಷ್ಟ ಶುರುವಾಗೋದು ಸ್ಪೀಕರ್ ಮುಂದಿನ ಬಟ್ಟೆಯಲ್ಲಿ ಕೂತ ಸಿಗರೇಟಿನ ಹೊಗೆಯಿಂದ. ಸಂಗ್ರಹಕಾರರಿಗೆ ಆ ಕಂದುಬಣ್ಣ ಒಂದು ಸೊಬಗು. ಆದರೆ ಬಾರ್‌ನಲ್ಲಿ ರಾತ್ರಿಯಿಡೀ ಆ ಹೊಗೆ ಕುಡಿಯುತ್ತಾ ನುಡಿಸಿದವನಿಗೆ? ಅವನಿಗದು ಹೊಟ್ಟೆಪಾಡಿನ ಕೊಳೆ. ಕೈಗೊಂದು ಒದ್ದೆ ಬಟ್ಟೆ ಸಿಕ್ಕಿದ್ದರೆ ಅವನೇ ಒರೆಸಿಬಿಡುತ್ತಿದ್ದನೇನೋ. ಅವನ ಪಾಡು ನಮ್ಮ ಡ್ರಾಯಿಂಗ್ ರೂಮಿನ ಅಲಂಕಾರ ಆಗೋದು ನನಗೆ ಸರಿಬರುವುದಿಲ್ಲ. ಹಾಗಂತ ಇಡೀ ಬಟ್ಟೆ ಕಿತ್ತು ಹೊಸದು ಹಾಕಿದರೆ, ಅವನು ಅಲ್ಲಿ ಇರಲೇ ಇಲ್ಲ ಅಂದ ಹಾಗಾಗುತ್ತದೆ.

1990ರ ದಶಕದಲ್ಲಿ ಫೆಂಡರ್ ಕಂಪನಿಯೇ ಹೊಸ ಗಿಟಾರ್‌ಗಳನ್ನು ಬೇಕಂತಲೇ ಸವೆಸಿ ‘ರೆಲಿಕ್’ ಹೆಸರಲ್ಲಿ ಮಾರತೊಡಗಿತು. ಅದು ಮೋಸವಲ್ಲ, ಸವೆಸಿದ್ದೇವೆ ಅಂತ ಹೆಸರೇ ಹೇಳುತ್ತದೆ. ಆದರೆ ಹೊಸ ಟ್ವೀಡ್ ಅಂಟಿಸಿ, ಬಣ್ಣ ಬಳಿದು ಹಳೆಯದಾಗಿಸಿ, ಒರಿಜಿನಲ್ ಅಂತ ಮಾರಿದರೆ ಮೋಸ. ಕಣ್ಣಿಗೆ ಎರಡೂ ಒಂದೇ ಥರ ಕಾಣಬಹುದು. ವ್ಯತ್ಯಾಸವಿರುವುದು ಬಟ್ಟೆಯಲ್ಲಲ್ಲ, ಮುಂದಿನವರಿಗೆ ನಾವು ಹೇಳುವ ಮಾತಿನಲ್ಲಿ.

ಹಾಗಾಗಿ ನಾನು ಎರಡೇ ನಿಯಮ ಇಟ್ಟುಕೊಂಡಿದ್ದೇನೆ. ಒಣಬ್ರಷ್ಷಿನಲ್ಲಿ ಹೋಗುವ ಕೊಳೆಗೆ ನೀರು ಬೇಡ, ನೀರಲ್ಲಿ ಹೋಗುವುದಕ್ಕೆ ರಾಸಾಯನಿಕ ಬೇಡ. ಬಟ್ಟೆ ಹರಿದು ಬದಲಿಸಲೇಬೇಕಾದರೆ, ಹಳೆಯದನ್ನು ಎಸೆಯದೆ, ಏನು ಮಾಡಿದೆ ಅಂತ ಬರೆದ ಚೀಟಿಯ ಜೊತೆ ಕವರಿನಲ್ಲಿ ಎತ್ತಿಡುತ್ತೇನೆ. ಆಂಪ್ ಕೈ ಬದಲಾದಾಗ ಕವರೂ ಜೊತೆಗೆ ಹೋಗುತ್ತದೆ. ಇದರಿಂದ ಬೆಲೆ ಇಳಿಯುತ್ತದೆ, ನಿಜ. ಆದರೆ ನನಗಿಂತ ಮೊದಲು ಅದನ್ನು ಹೊತ್ತವರಿಗೂ ಮುಂದೆ ಹೊರುವವರಿಗೂ ನಾನು ಕೊಡಬೇಕಾದ ಲೆಕ್ಕ ಚುಕ್ತಾ ಆಗುತ್ತದೆ.