ಹವೆಗೊಂದು ವಿಶೇಷಣ

ಮೂರನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮೊಮ್ಮಗಳ ಇಂಗ್ಲಿಷ್ ಪಾಠದ ಉಸ್ತುವಾರಿ ನನ್ನ ಪಾಲಿಗೆ ಬಂದಿದೆ. ಮನೆಯಲ್ಲಿ ಉಳಿದವರಿಗೆ ಪುರಸತ್ತಿಲ್ಲ, ನನಗೆ ಪುರಸತ್ತೊಂದನ್ನು ಬಿಟ್ಟು ಬೇರೇನೂ ಇಲ್ಲ. ಈ ಏರ್ಪಾಟಿಗೆ ಅದಕ್ಕಿಂತ ಘನವಾದ ಕಾರಣ ಯಾವುದೂ ಇಲ್ಲ.

ಹೋದ ವಾರ ಹವೆಯ ಪಾಠ ಬಂತು. ಪುಸ್ತಕದಲ್ಲಿ ಆರು ಚಿತ್ರಗಳು, ಒಂದೊಂದರ ಕೆಳಗೂ ಒಂದೊಂದು ಶಬ್ದ. ನಗುತ್ತಿರುವ ಸೂರ್ಯನಿಗೆ ‘ಸನ್ನಿ’, ಮೋಡಕ್ಕೆ ‘ಕ್ಲೌಡಿ’, ಕೊಡೆ ಹಿಡಿದ ಹುಡುಗನಿಗೆ ‘ರೇನಿ’, ಹೀಗೆಯೇ ‘ವಿಂಡಿ’, ‘ಫಾಗಿ’, ‘ಸ್ನೋಯಿ’. ಈ ಕೊನೆಯದನ್ನು ಅವಳೂ ಕಂಡಿಲ್ಲ, ನಾನೂ ಕಂಡಿಲ್ಲ. ಆದರೂ ಕಾಗುಣಿತ ತಪ್ಪದಂತೆ ಬರೆಯಬಲ್ಲೆವು. ಪಾಠದ ಕೊನೆಗೆ ಒಂದು ಅಭ್ಯಾಸ. ಎರಡು ಕಂಬಸಾಲು; ಒಂದರ ನೆತ್ತಿಯ ಮೇಲೆ ‘ಗುಡ್ ವೆದರ್’, ಇನ್ನೊಂದರ ಮೇಲೆ ‘ಬ್ಯಾಡ್ ವೆದರ್’. ಆರು ಶಬ್ದಗಳನ್ನೂ ಹಂಚಿ ಬರೆಯಬೇಕು. ಹುಡುಗಿ ಮಳೆಯನ್ನು ಒಳ್ಳೆಯ ಹವೆಯ ಕೆಳಗೆ ಬರೆದಿದ್ದಳು. ಅದರ ಪಕ್ಕದಲ್ಲಿ ಕೆಂಪು ಶಾಯಿಯ ಅಡ್ಡಗೆರೆ ಬಿದ್ದಿತ್ತು. ಸರಿಯಾದ ಉತ್ತರವನ್ನು ಐದು ಸಲ ಬರೆದು ತರಬೇಕೆಂಬ ಆಜ್ಞೆಯೂ ಇತ್ತು.

“ತಾತ, ಮಳೆ ಬಂದರೆ ಒಳ್ಳೇದು ಅಂತ ನೀನೇ ಹೇಳಿದ್ದೆಯಲ್ಲಾ?” ಎಂದಳು.

ಹೇಳಿದ್ದೆ, ನಿಜ. ಆದರೂ ಆ ಹೊತ್ತಿಗೆ ನಾನು ಕೊಟ್ಟ ಉತ್ತರ ಇದು: “ಪುಸ್ತಕದಲ್ಲಿ ಹಾಗಿಲ್ಲವಮ್ಮ. ಈಗ ಬ್ಯಾಡ್ ಅಂತಲೇ ಬರಿ.” ಅವಳು ತುಟಿ ಬಿಗಿದುಕೊಂಡು ಐದು ಸಲ ಬರೆದಳು. ಪರೀಕ್ಷೆ ಪರೀಕ್ಷೆಯೇ, ಅಂಕ ಅಂಕವೇ. ಉಪಾಧ್ಯಾಯಿನಿಯನ್ನೂ ದೂರುವಂತಿಲ್ಲ, ಅವರು ಪುಸ್ತಕದಲ್ಲಿದ್ದುದನ್ನು ಕಲಿಸಿದರು. ಆದರೆ ರಾತ್ರಿ ಊಟಕ್ಕೆ ಕುಳಿತಾಗ ಒಂದು ಪ್ರಶ್ನೆ ಬಿಡದೆ ಕಾಡಿತು. ನಾನು ಆ ಮಗುವಿಗೆ ಕಲಿಸಿದ್ದು ಒಂದು ಭಾಷೆಯನ್ನೋ, ಒಂದು ಸುಳ್ಳನ್ನೋ?

ಇಂಗ್ಲಿಷಿನವರ ಮೇಲೆ ತಪ್ಪು ಹೊರಿಸಿ ಪಾರಾಗುವುದು ಸುಲಭ. ಅವರ ದ್ವೀಪದಲ್ಲಿ ಮಳೆಗೆ ಕಾಲವೆಂಬುದಿಲ್ಲ, ಹನ್ನೆರಡು ತಿಂಗಳೂ ಅದು ಮನೆಯ ನೆಂಟ. ಬಿಸಿಲೇ ಅಲ್ಲಿ ಅಪರೂಪದ ಅತಿಥಿ. ಕರೆಯದೆ ದಿನವೂ ಬರುವ ನೆಂಟನನ್ನು ಯಾರು ತಾನೇ ಹೊಗಳಿಯಾರು? ಇಬ್ಬರು ಇಂಗ್ಲಿಷರು ಸಂಧಿಸಿದರೆ ಮೊದಲ ಮಾತು ಹವೆಯದೇ ಎಂದು ನಿಘಂಟುಕಾರ ಸ್ಯಾಮ್ಯುಅಲ್ ಜಾನ್ಸನ್ 1758ರಲ್ಲಿಯೇ ಬರೆದಿದ್ದ. ಅವರಲ್ಲಿ ಹವೆಯ ಮಾತು ಒಂದು ಸೌಜನ್ಯ, ಮಾತಿಗೆ ಹಾಕುವ ಪೀಠಿಕೆ. ನಮ್ಮ ಶಿರಾ ಸೀಮೆಯಲ್ಲಿ ನೆಂಟರು ಬಂದು ಕಾಲು ತೊಳೆದು ಜಗುಲಿಯ ಮೇಲೆ ಕುಳಿತರೆ ಮೊದಲು ಕೇಳುವ ಮಾತೂ ಹವೆಯದೇ: “ನಿಮ್ಮ ಕಡೆ ಮಳೆ ಬೆಳೆ ಹೇಗೆ?” ಆದರೆ ಇದು ಪೀಠಿಕೆಯಲ್ಲ. ಮಳೆ, ಬೆಳೆ ಎಂಬ ಎರಡು ಶಬ್ದಗಳನ್ನು ನಾವು ಬಿಡಿಸಿ ಆಡುವುದೇ ಅಪರೂಪ. ಆ ಪ್ರಶ್ನೆಯೊಳಗೆ ಸಾಲ ತೀರಿತೇ, ಮಗಳ ಮದುವೆ ಈ ವರ್ಷವೋ ಬರುವ ವರ್ಷವೋ, ಎತ್ತು ಮಾರಿದಿರಾ ಉಳಿಸಿಕೊಂಡಿರಾ ಎಂಬುದೆಲ್ಲ ಸೇರಿರುತ್ತದೆ.

ಶಾಖದ ವಿಷಯವನ್ನೇ ನೋಡಿ. ಅವರಲ್ಲಿ ಪ್ರೀತಿಯ ಸ್ವಾಗತ ‘ವಾರ್ಮ್’, ಕರುಣೆಯಿಲ್ಲದವನು ‘ಕೋಲ್ಡ್’. ನಮ್ಮಜ್ಜಿ ಯಾರನ್ನಾದರೂ ಹರಸಬೇಕಾದರೆ “ನಿನ್ನ ಹೊಟ್ಟೆ ತಣ್ಣಗಿರಲಿ” ಎನ್ನುತ್ತಿದ್ದಳು. ಇದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದರೆ ಯಾವ ದೊರೆಯಾದರೂ ವೈದ್ಯನನ್ನು ಕರೆಸಿಯಾನು.

ಇಷ್ಟು ಹೇಳಿ, ನಮ್ಮ ಮಾತು ನಮಗೆ ಇರಲಿ, ಅವರದು ಅವರಿಗೆ ಎಂದು ಮುಗಿಸಿಬಿಡಬಹುದಿತ್ತು. ಆದರೆ ಅದು ಕೃತಘ್ನತೆಯಾಗುತ್ತದೆ. ಇಂಗ್ಲಿಷಿನ ಹವೆಯ ಶಬ್ದಗಳು ನನ್ನ ಕಣ್ಣು ತೆರೆಸಿದ್ದೂ ಉಂಟು. ಬಾಲ್ಯದಲ್ಲಿ ಡ್ರಿಜಲ್, ಶವರ್, ಸ್ಲೀಟ್, ಹೇಲ್ ಎಂದು ಗಿಣಿಪಾಠ ಮಾಡಿದ್ದರಿಂದ ಏನೂ ಆಗಲಿಲ್ಲ. ಡ್ರಿಜಲ್ ಎಂದರೆ ನಮ್ಮ ಸೋನೆ, ಹೇಲ್ ಎಂದರೆ ನಮ್ಮ ಆಲಿಕಲ್ಲು, ಸ್ಲೀಟ್ ಎಂದರೆ ಏನೋ ಒಂದು. ಆದರೆ ‘ಮಂಜು’ ಎಂಬ ನಮ್ಮ ಒಂದೇ ಚೀಲದಲ್ಲಿ ನಾವು ಎಷ್ಟು ಪದಾರ್ಥಗಳನ್ನು ತುಂಬಿಟ್ಟಿದ್ದೇವೆ! ನಂದಿಬೆಟ್ಟದ ಮೇಲೆ ಮುಖಕ್ಕೆ ಬಡಿಯುವುದೂ ಮಂಜು, ಕಾಶ್ಮೀರದ ಚಿತ್ರದಲ್ಲಿ ಬೆಳ್ಳಗೆ ಬಿದ್ದಿರುವುದೂ ಮಂಜು. ಅವರಲ್ಲಿ ಒಂದು ಕಿಲೋಮೀಟರಿನಾಚೆ ಕಣ್ಣು ಕಾಣದಿದ್ದರೆ ‘ಫಾಗ್’, ಅದಕ್ಕಿಂತ ದೂರ ಕಂಡರೆ ‘ಮಿಸ್ಟ್’. ಎರಡೂ ನೀರಿನ ಹನಿಗಳೇ. ಹನಿಯಲ್ಲದೆ ಬರಿಯ ಧೂಳು, ಹೊಗೆ ಗಾಳಿಯಲ್ಲಿ ನಿಂತರೆ ಅದಕ್ಕೆ ಬೇರೆಯೇ ಹೆಸರು, ‘ಹೇಜ್’. ಈ ಮೂರನೆಯ ಶಬ್ದವನ್ನು ಕಲಿತ ಮೇಲೆ ಒಂದು ದಿನ ಬೆಳಗ್ಗೆ ಬೆಂಗಳೂರಿನ ನಮ್ಮ ರಸ್ತೆಯನ್ನು ನೋಡಿದೆ. ಎಷ್ಟೋ ವರ್ಷ ನಾನು ಮಂಜೆಂದು ಭಾವಿಸಿ, ಒಂದೆರಡು ಪದ್ಯವನ್ನೂ ಹೊಸೆದಿದ್ದ ಆ ಮಸಕು ತೆರೆ ಮಂಜಾಗಿರಲಿಲ್ಲ. ಲಾರಿಗಳ ಹೊಗೆಯೂ ಕಟ್ಟಡಗಳ ಧೂಳೂ ಆಗಿತ್ತು. ಪದ್ಯಗಳನ್ನು ಹರಿದುಹಾಕಿದೆ.

ಲಂಡನ್ನಿನಲ್ಲಿ ಔಷಧ ತಯಾರಿಸಿ ಜೀವನ ಮಾಡುತ್ತಿದ್ದ ಲ್ಯೂಕ್ ಹೊವರ್ಡ್ ಎಂಬಾತ 1802ರಲ್ಲಿ ಕೆಲವು ಮಿತ್ರರ ಮುಂದೆ ಒಂದು ಪ್ರಬಂಧ ಓದಿ, ಮೋಡಗಳಿಗೆ ಹೆಸರಿಟ್ಟ. ಕೂದಲೆಳೆಯಂತಿದ್ದರೆ ಸಿರಸ್, ಗುಡ್ಡೆ ಹಾಕಿದಂತಿದ್ದರೆ ಕ್ಯುಮುಲಸ್, ಹಾಸಿದಂತಿದ್ದರೆ ಸ್ಟ್ರೇಟಸ್. ಯಾವ ದೇಶದವನಾದರೂ ಬಳಸಬಹುದೆಂದು ಲ್ಯಾಟಿನ್ ಶಬ್ದಗಳನ್ನೇ ಆರಿಸಿದ. ಹೆಸರುಗಳನ್ನು ಮೆಚ್ಚಿ ಮಹಾಕವಿ ಗಯಟೆ ಆತನನ್ನು ಕುರಿತು ಪದ್ಯ ಬರೆದ. ಅದೇ ಕಾಲದಲ್ಲಿ ನೌಕಾಪಡೆಯ ಬೋಫರ್ಟ್ ಗಾಳಿಯನ್ನು ಅಳೆಯುವ ಪಟ್ಟಿಯೊಂದನ್ನು ಮಾಡಿದ; ಯಾವ ಗಾಳಿಗೆ ಹಡಗು ಎಷ್ಟು ಪಟ ಬಿಚ್ಚಬಹುದು ಎಂಬುದೇ ಅದರ ಅಳತೆಗೋಲು. ಇವರಿಬ್ಬರ ಶಬ್ದಗಳಲ್ಲಿ ನಾನು ಮೆಚ್ಚುವುದು ಇಷ್ಟು: ಅವು ಕಂಡದ್ದನ್ನು ಹೇಳುತ್ತವೆ. ಮೋಡ ಒಳ್ಳೆಯದೆಂದೂ ಇಲ್ಲ, ಗಾಳಿ ಕೆಟ್ಟದ್ದೆಂದೂ ಇಲ್ಲ.

ಹೆಸರಿಡುವ ಮಾತು ಬೇರೆ, ತೀರ್ಪು ಕೊಡುವ ಮಾತು ಬೇರೆ. ಹೆಸರು ಊರಿಂದೂರಿಗೆ ಪ್ರಯಾಣ ಮಾಡಬಲ್ಲದು. ತೀರ್ಪಿನ ಗತಿ ಏನಾಗುತ್ತದೆಂಬುದನ್ನು ನಾನು ಕಣ್ಣಾರೆ ಕಂಡದ್ದು ಒಬ್ಬ ಸ್ನೇಹಿತರ ಮನೆಯ ಗೋಡೆಯ ಮೇಲೆ. ಅವರು ಭಾನುವಾರದ ಸಂತೆಯ ಹಳೆಯ ಸಾಮಾನಿನ ರಾಶಿಯಿಂದ ಒಂದು ಇಂಗ್ಲಿಷ್ ವಾಯುಭಾರಮಾಪಕವನ್ನು ಕೊಂಡು ತಂದು ಹಜಾರದಲ್ಲಿ ತೂಗುಹಾಕಿದರು. ಗಡಿಯಾರದಂಥ ಹಿತ್ತಾಳೆಯ ಮುಖ. ಅಂಕಿಗಳ ಪಕ್ಕದಲ್ಲಿ ಚೆಂದದ ಅಕ್ಷರಗಳಲ್ಲಿ ತೀರ್ಪುಗಳು: 30 ಅಂಗುಲಕ್ಕೆ ‘ಫೇರ್’, 29ಕ್ಕೆ ‘ರೇನ್’, 28ಕ್ಕೆ ‘ಸ್ಟಾರ್ಮಿ’. ಮುಳ್ಳು ಮಾತ್ರ ‘ಸ್ಟಾರ್ಮಿ’ಗಿಂತಲೂ ಕೆಳಗೆ, ಅಂಕಿಯೇ ಇಲ್ಲದ ಕಡೆ ಬಿದ್ದುಕೊಂಡಿತ್ತು. ಹೊರಗೆ ಮಾಘದ ನಿರ್ಮಲವಾದ ಬಿಸಿಲು! ಕೆಟ್ಟುಹೋದ ಯಂತ್ರವೆಂದು ಅವರು ಪೇಚಾಡಿದರು. ಯಂತ್ರ ಕೆಟ್ಟಿರಲಿಲ್ಲ. ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಇಲ್ಲಿ ಗಾಳಿಯ ಭಾರ ಸುಮಾರು 27 ಅಂಗುಲವೇ. ಸಮುದ್ರದ ಅಂಚಿನ ಜನಕ್ಕೆಂದು ಬರೆದ ಆ ಮುಖಕ್ಕೆ ನಮ್ಮ ಊರಿನ ಅತ್ಯಂತ ಸುಂದರವಾದ ದಿನವೂ ಘೋರವಾದ ಬಿರುಗಾಳಿ. ಹಿಂದುಗಡೆ ಒಂದು ತಿರುಪು ಇರುತ್ತದೆ. ತಿರುಗಿಸಿದರೆ ಮುಳ್ಳು ಸರಿಯಾಗುತ್ತದೆ.

ಇದರ ದೋಷವನ್ನು ಅವರಲ್ಲೇ ಒಬ್ಬ ಮೊದಲು ಹೇಳಿದ್ದ ಎಂಬುದು ಗಮನಿಸಬೇಕಾದ ಸಂಗತಿ. ಡಾರ್ವಿನ್ನನನ್ನು ಹೊತ್ತ ‘ಬೀಗಲ್’ ಹಡಗಿನ ಕಪ್ತಾನ, ಮುಂದೆ 1854ರಲ್ಲಿ ಬ್ರಿಟನ್ನಿನ ಹವಾಮಾನ ಇಲಾಖೆಯ ಮೊದಲ ಮುಖ್ಯಸ್ಥ, ರಾಬರ್ಟ್ ಫಿಟ್ಜ್‌ರಾಯ್. ಮುಖದ ಮೇಲಿನ ಶಬ್ದಗಳನ್ನು ಅಷ್ಟಾಗಿ ಲೆಕ್ಕಕ್ಕೆ ಹಿಡಿಯಬೇಡಿ, ಪಾದರಸ ಏರುತ್ತಿದೆಯೋ ಇಳಿಯುತ್ತಿದೆಯೋ ಅದನ್ನು ನೋಡಿ ಎಂಬುದು ಆತನ ಬುದ್ಧಿವಾದ.

ನನ್ನ ಮುಳ್ಳನ್ನು ತಿರುಗಿಸಿದವರು ಬೇರೊಬ್ಬರು. 1972ರ ಬರ ನಮ್ಮ ಸೀಮೆಯನ್ನು ಹಣ್ಣು ಮಾಡಿತ್ತು. ಮರುವರ್ಷ ನಾನು ಬೆಂಗಳೂರಿನ ಒಂದು ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿದೆ. ಜೂನ್ ಕೊನೆಯ ಒಂದು ಬೆಳಗ್ಗೆ ಮಳೆ ಹಿಡಿದು ಬಸ್ಸು ತಪ್ಪಿ ಒಂದು ಗಂಟೆ ತಡವಾಯಿತು. ತಡವಾದದ್ದಕ್ಕೆ ಇಂಗ್ಲಿಷಿನಲ್ಲಿ ಸಮಜಾಯಿಷಿ ಬರೆದುಕೊಡಬೇಕು. ‘ಬ್ಯಾಡ್ ವೆದರ್’ನ ಕಾರಣದಿಂದ ಎಂದು ಬರೆದೆ, ಆ ಪದಪುಂಜ ಕೈಗೆ ಬಂದಾಗ ಒಳಗೊಳಗೇ ಹೆಮ್ಮೆಯೂ ಆಯಿತು. ಮೇಲಧಿಕಾರಿಗಳು ಓದಿ, ಆ ಎರಡು ಶಬ್ದಗಳನ್ನು ಹೊಡೆದುಹಾಕಿ, ಮೇಲೆ ‘ರೇನ್’ ಎಂದಷ್ಟೇ ಬರೆದು ರುಜು ಮಾಡಿದರು. ನನ್ನ ಇಂಗ್ಲಿಷನ್ನು ತಿದ್ದಿದರೆಂದು ತಿಳಿದು ನಾಚಿದೆ. ಎರಡು ದಿನದ ಮೇಲೆ ತಂದೆಯವರ ಕಾರ್ಡು ಬಂತು. ಆರಿದ್ರಾ ಮಳೆ ಹದವಾಗಿ ಆಗಿದೆ, ಕಡಲೆಕಾಯಿ ಬಿತ್ತನೆಗೆ ತೊಡಗಿದ್ದೇವೆ, ನಿನ್ನ ತಾಯಿ ಬಹಳ ದಿನದ ಮೇಲೆ ನಕ್ಕಳು ಎಂದಿತ್ತು. ತಾರೀಖು ನೋಡಿದೆ. ನಾನು ಸಮಜಾಯಿಷಿ ಬರೆದ ದಿನವೇ. ನನ್ನ ಓದಿನ ಫೀಜು ಬಂದದ್ದು ಅಂಥ ಮಳೆಗಳಿಂದ. ‘ವೆದರ್’ ಎಂಬ ಶಬ್ದವನ್ನು ಕಲಿತದ್ದೂ ಆ ಫೀಜಿನಿಂದಲೇ.

ಈ ಕಾರಣದಿಂದ ನನಗೆ ಭಾಷೆಯ ಮೇಲೆ ಕೋಪವಿಲ್ಲ. ಅದೇ ಇಂಗ್ಲಿಷರು ಕೊಡಗಿನಲ್ಲಿ, ಚಿಕ್ಕಮಗಳೂರಿನ ಬೆಟ್ಟಗಳಲ್ಲಿ ಕಾಫಿ ತೋಟ ಹಾಕಿದಾಗ ಮಾರ್ಚಿ ಏಪ್ರಿಲ್‌ನ ಮಳೆಗೆ ‘ಬ್ಲಾಸಮ್ ಶವರ್’ ಎಂಬ ಹೆಸರು ರೂಢಿಗೆ ಬಂತು. ಆ ಮಳೆ ಬಿದ್ದ ಕೆಲವೇ ದಿನಗಳಲ್ಲಿ ಗಿಡವೆಲ್ಲ ಬೆಳ್ಳಗೆ ಹೂವಾಗುತ್ತದೆ. ಹೂವು ಕಚ್ಚಿ ನಿಲ್ಲಲು ಆಮೇಲೊಂದು ಮಳೆ ಬೇಕು, ಅದು ‘ಬ್ಯಾಕಿಂಗ್ ಶವರ್’. ನಮ್ಮ ಭರಣಿ, ಮಘೆಗಳಷ್ಟೇ ಆಳವಾದ ಹೆಸರುಗಳಿವು. ಹೊಟ್ಟೆಪಾಡು ಮಳೆಗೆ ಗಂಟುಬಿದ್ದ ಕೂಡಲೇ ಲಂಡನ್ನಿನ ವಿಶೇಷಣ ತಾನಾಗಿ ಕಳಚಿಬಿತ್ತು. ನಮ್ಮದು ತಿರುಗುಮುರುಗಾಗಿದೆ. ಇಂದಿಗೂ ಉಣ್ಣುವುದು ಆ ಮಳೆಯ ರಾಗಿಯನ್ನೇ; ಆದರೆ ಚಪ್ಪಲಿ ಒದ್ದೆಯಾದ ತಕ್ಷಣ ‘ಹಾಳು ಮಳೆ’ ಎನ್ನುತ್ತೇವೆ. ಇದಕ್ಕೆ ಇಂಗ್ಲಿಷ್ ಪುಸ್ತಕವೂ ಬೇಕಾಗಿಲ್ಲ.

ಹಾಗಾದರೆ ಹುಡುಗಿ ಬರೆದ ‘ಗುಡ್’ ಸರಿಯಾಗಿತ್ತೇ? ಒಂದು ವಾರ ಹಾಗೆಂದೇ ವಾದಿಸಿಕೊಂಡೆ. ಆಮೇಲೆ 2022ರ ಸೆಪ್ಟೆಂಬರ್ ನೆನಪಾಯಿತು. ಅಂದು ಬೆಂಗಳೂರಿನ ಹೊರವರ್ತುಲ ರಸ್ತೆ ಹೊಳೆಯಾಗಿ, ಶ್ರೀಮಂತರ ಬಂಗಲೆಗಳಿಗೂ ಕೂಲಿಯವರ ಗುಡಿಸಿಲುಗಳಿಗೂ ನೀರು ನುಗ್ಗಿತು. ಶ್ರೀಮಂತರು ಹೋಟೆಲುಗಳಿಗೆ ಹೋದರು; ಗುಡಿಸಿಲಿನವರು ನೆನೆದ ಅಕ್ಕಿಯನ್ನು ನೋಡುತ್ತ ನಿಂತರು. ಆ ತಾಯಿಯ ಮುಂದೆ ನಿಂತು ಮಳೆ ಒಳ್ಳೆಯದು ಎಂದು ಹೇಳಲು ನನಗೆ ನಾಲಗೆ ಏಳದು. 2021ರ ನವೆಂಬರಿನಲ್ಲಿ ಕಾಲ ತಪ್ಪಿ ಸುರಿದ ಮಳೆಗೆ ರಾಗಿಯ ತೆನೆ ಹೊಲದಲ್ಲೇ ಮೊಳಕೆಯೊಡೆದದ್ದೂ ಉಂಟು. ಹವಾಮಾನ ಇಲಾಖೆಯವರಂತೆ ಮಾತಾಡಿ ಜಾರಿಕೊಳ್ಳಬಹುದು. ಒಂದು ದಿನದಲ್ಲಿ 64.5 ಮಿಲಿಮೀಟರು ಮುಟ್ಟಿದರೆ ‘ಭಾರಿ ಮಳೆ’, 204.4 ದಾಟಿದರೆ ‘ಅತ್ಯಂತ ಭಾರಿ’, ಅದರಲ್ಲಿ ಪುಣ್ಯಪಾಪಗಳಿಲ್ಲ. ವಿಜ್ಞಾನಕ್ಕೆ ಅದು ಭೂಷಣ. ಆದರೆ ನೆರೆಯವನ ಮನೆ ಮುಳುಗಿದಾಗ ಮಿಲಿಮೀಟರು ಹೇಳುವವನನ್ನು ನಾವು ಮನುಷ್ಯನೆನ್ನುವುದಿಲ್ಲ. ತೀರ್ಪು ಕೊಡದೆಯೂ ಬಾಳಲಾಗದು. ಯಾರ ಹೊಲಕ್ಕೆ, ಯಾವ ನಕ್ಷತ್ರದಲ್ಲಿ ಎಂದು ಕೇಳದೆ ಕೊಟ್ಟ ತೀರ್ಪೂ ನಿಲ್ಲದು. ಮಗುವಿನ ಪುಸ್ತಕದಲ್ಲಿ ಇರುವುದು ಎರಡೇ ಕಂಬಸಾಲು.

ಇದನ್ನು ಎಂಟು ವರ್ಷದ ಹುಡುಗಿಗೆ ಹೇಗೆ ಹೇಳುವುದೆಂದು ತಿಳಿಯದೆ ಸುಮ್ಮನಿದ್ದೆ. ನಿನ್ನೆ ಸಂಜೆ ಮೋಡ ಕವಿದು ಸಣ್ಣಗೆ ಹನಿಯತೊಡಗಿತು. ಅವಳು ಕಿಟಕಿಯ ಸರಳು ಹಿಡಿದು ನಿಂತು ಕೇಳಿದಳು.

“ತಾತ, ಇದು ರೇನಾ, ಡ್ರಿಜಲ್ಲಾ?”

“ಡ್ರಿಜಲ್. ನಮ್ಮ ಕಡೆ ಸೋನೆ ಅಂತಾರೆ.”

“ಗುಡ್ಡಾ, ಬ್ಯಾಡಾ?”

“ಊರಿಗೆ ಫೋನು ಮಾಡಿ ಚಿಕ್ಕ ತಾತನನ್ನ ಕೇಳು. ಅಲ್ಲೂ ಹನೀತಿದೆಯಾ, ರಾಗಿ ಕೊಯ್ಲು ಆಯಿತಾ ಅಂತ.”

ಅವಳು ನನ್ನ ತಮ್ಮನಿಗೆ ಫೋನು ಮಾಡಿ, ದೊಡ್ಡವಳಂತೆ ಕುಶಲ ವಿಚಾರಿಸಿ, ಪ್ರಶ್ನೆ ಕೇಳಿದಳು. ಆ ಕಡೆಯಿಂದ ಬಂದ ಉತ್ತರ ನನಗೂ ಕೇಳಿಸಿತು.

“ಇಲ್ಲೂ ಶುರುವಾಗಿದೆ ಕಣವ್ವ. ಅರ್ಧ ಕೊಯ್ದಿದೀವಿ, ಅರ್ಧ ನಿಂತೈತೆ.”

ಅವಳು ಫೋನನ್ನು ಕೆಳಗಿಟ್ಟು, ಪುಸ್ತಕ ತೆಗೆದು, ಎರಡು ಕಂಬಸಾಲುಗಳನ್ನೂ ನೋಡುತ್ತ ಸ್ವಲ್ಪ ಹೊತ್ತು ಪೆನ್ಸಿಲು ಕಚ್ಚುತ್ತ ಕುಳಿತಳು.