ನಾಮಾನನ ಬಿನ್ನಹ

ಸತ್ಯವೇದವು ಬರೆಯಲ್ಪಟ್ಟ ಕಾಲದಲ್ಲಿ ಜಾತಿಯ ಪ್ರಮಾಣಪತ್ರವೆಂಬುದಿರಲಿಲ್ಲ. ಆದರೂ ಬೀದರ ನಗರದಲ್ಲಿಯೂ ಭಾಲ್ಕಿ, ಔರಾದ ಸೀಮೆಗಳಲ್ಲಿಯೂ ಕ್ರೈಸ್ತ ಗೃಹಸ್ಥನು ಆ ಗ್ರಂಥದಲ್ಲಿ ಉತ್ತರವನ್ನರಸಬೇಕಾದ ಪ್ರಶ್ನೆಯೊಂದು ಈ ಪತ್ರದಿಂದಲೇ ಹುಟ್ಟಿದೆ. ಇಲ್ಲಿಯ ಮೆಥೊಡಿಸ್ಟ್ ಸಭೆಯವರಲ್ಲಿ ಬಹುಮಂದಿಯ ಹಿರಿಯರು ಅಸ್ಪೃಶ್ಯರೆನಿಸಿಕೊಂಡಿದ್ದ ಕೇರಿಗಳಿಂದ ಬಂದವರು. 1950ರ ರಾಷ್ಟ್ರಪತಿಗಳ ಆಜ್ಞೆಯು ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೂ ಕೆಲವೇ ಸಿಖ್ ಪಂಗಡಗಳಿಗೂ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರೆಲ್ಲರೂ, 1990ರಲ್ಲಿ ಬೌದ್ಧರೂ ಅದರೊಳಗೆ ಬಂದರು, ಕ್ರೈಸ್ತರು ಹೊರಗುಳಿದರು.

ಹೀಗಿರಲು, ಮಗನನ್ನು ವಿದ್ಯಾಲಯಕ್ಕೆ ಸೇರಿಸಹೋದ ತಂದೆಯು ಧರ್ಮವೆಂಬ ಅಂಕಣದಲ್ಲಿ ಏನನ್ನು ಬರೆಯಬೇಕು? ಕ್ರೈಸ್ತನೆಂದರೆ ಪರಿಶಿಷ್ಟರಿಗೆ ಮೀಸಲಾದ ಸ್ಥಾನವು ಕೈತಪ್ಪುವುದು. ಅಲ್ಲವೆಂದರೆ ಮಾತು ಸುಳ್ಳಾಗುವುದು.

ಕೋಳಿ ಕೂಗುವ ಮೊದಲು ಗುರುವನ್ನು ಅರಿಯೆನೆಂದ ಪೇತ್ರನನ್ನು ತೋರಿಸಿ ಕೆಲವರು ಅವನನ್ನು ಖಂಡಿಸುವರು. ತನ್ನ ಕುಲವನ್ನು ಮರೆಮಾಡಿದ ಎಸ್ತೇರಳನ್ನೂ, ಅರಸನೊಡನೆ ರಿಮ್ಮೋನನ ಗುಡಿಯಲ್ಲಿ ಬಾಗಬೇಕಾದುದಕ್ಕೆ ಕ್ಷಮೆಯನ್ನು ಬೇಡಿದ ನಾಮಾನನನ್ನೂ ತೋರಿಸಿ ಇನ್ನು ಕೆಲವರು ಸಮಾಧಾನ ಹೇಳುವರು. ಬಿಡಿ ವಚನಗಳನ್ನು ಹೆಕ್ಕುವವನಿಗೆ ಬೇಕಾದುದೆಲ್ಲವೂ ದೊರೆಯುವುದು.

ಆದುದರಿಂದ ಕಥೆಯನ್ನು ಕೊನೆಯವರೆಗೂ ಓದುವುದೇ ಲೇಸು. ತನ್ನ ಜನರಿಗೆ ಪ್ರಾಣಭಯವೊದಗಿದಾಗ ಎಸ್ತೇರಳು ಅರಸನೆದುರು ತನ್ನ ಕುಲವನ್ನು ಹೇಳಿದಳು. ನಾಮಾನನು ತನ್ನ ಬಾಗುವಿಕೆಯನ್ನು ಧರ್ಮವೆಂದು ಸಾಧಿಸಲಿಲ್ಲ. ಎಲೀಷನು ಅವನನ್ನು ಹೊಗಳಲೂ ಇಲ್ಲ, ಶಪಿಸಲೂ ಇಲ್ಲ, ಸಮಾಧಾನದಿಂದ ಕಳುಹಿದನು. ಪೇತ್ರನು ಅತ್ತನು; ಆದರೆ ತಳ್ಳಲ್ಪಡಲಿಲ್ಲ. ಸುಳ್ಳು ಸುಳ್ಳೇ ಆಗಿದ್ದರೂ, ದುರ್ಬಲನ ಸುಳ್ಳನ್ನು ತೂಗುವವನು ಅವನ ಹೆಗಲಿನ ಭಾರವನ್ನೂ ತೂಗಬೇಕೆಂಬುದೇ ಇವುಗಳ ತಾತ್ಪರ್ಯ.

ಕ್ರಿಸ್ತನಲ್ಲಿ ಯೆಹೂದ್ಯ, ಗ್ರೀಕ, ದಾಸ, ಸ್ವತಂತ್ರರೆಂಬ ಭೇದವಿಲ್ಲವೆಂದು ಪೌಲನು ಗಲಾತ್ಯದವರಿಗೆ ಬರೆದನು. ಇದನ್ನೇ ಹಿಡಿದು, ಕ್ರೈಸ್ತರಲ್ಲಿ ಜಾತಿಯಿಲ್ಲ, ನೆರವೂ ಬೇಡವೆಂದು ವಾದಿಸುವುದುಂಟು. ಪೌಲನ ಮಾತು ಸಭೆಗೆ ವಿಧಿಸಿದ ಕರ್ತವ್ಯವೇ ಹೊರತು ಊರಿನ ಸ್ಥಿತಿಯ ವರದಿಯಲ್ಲ. ದೀಕ್ಷಾಸ್ನಾನವಾದ ಮಾತ್ರಕ್ಕೆ ಊರಬಾವಿಯ ಕಟ್ಟೆಯ ಮೇಲಿನ ನೋಟವು ಬದಲಾಗದು. 1985ರ ಸೂಸೈ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಮತಾಂತರದ ನಂತರವೂ ಹಿಂದಿನ ಹೀನಸ್ಥಿತಿಯು ಅದೇ ತೀವ್ರತೆಯಿಂದ ಉಳಿದಿದೆಯೆಂಬುದಕ್ಕೆ ಆಧಾರವನ್ನು ಅಪೇಕ್ಷಿಸಿತು. ಸಾಕ್ಷಿ ಹೇಳಬೇಕಾದವರೇ ಮರೆಯಾದರೆ ಆ ಆಧಾರವನ್ನು ಒದಗಿಸುವವರಾರು?

ಸತ್ಯವನ್ನು ನುಡಿಯಲೇಬೇಕು. ಆದರೆ ಅದರ ಬೆಲೆಯನ್ನು ಬಡ ತಂದೆಯೊಬ್ಬನೇ ತೆರಲೆಂದು ಬೋಧಿಸುವ ಸಭೆಯು ಅದೇ ಗಲಾತ್ಯ ಪತ್ರಿಕೆಯ ಕಡೆಯ ಅಧ್ಯಾಯವನ್ನು ಮರೆತಿದೆ. ಪರಸ್ಪರರ ಭಾರವನ್ನು ಹೊರುವ ವಿಧಿಯು ಅಲ್ಲಿದೆ. ಹುಡುಗನ ಶುಲ್ಕದ ಭಾರಕ್ಕೆ ಸಭೆಯು ಹೆಗಲು ಕೊಡಲಿ. ಆ ಬಳಿಕ ಅರ್ಜಿಯ ಅಂಕಣದಲ್ಲಿ ನಿಜವನ್ನು ಬರೆಯೆಂದು ತಂದೆಗೆ ಹೇಳುವ ಅಧಿಕಾರವು ಅದಕ್ಕೆ ಬರುವುದು.